ವಾಹನದಲ್ಲಿ ಬಳಕೆಯಿಲ್ಲದೆ ಉಳಿದ ವೈರ್ ತುದಿಗಳನ್ನು ಮುಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೀರಿಯೋ ಬದಲಿಸಿದಾಗ, ಅಲಾರಂ ತೆಗೆದಾಗ, ಫಾಗ್ ಲ್ಯಾಂಪ್ ಕಳಚಿದಾಗ ಒಂದಷ್ಟು ವೈರ್‌ಗಳು ಯಾವುದಕ್ಕೂ ಸೇರದೆ ಉಳಿದುಬಿಡುತ್ತವೆ. ಅವುಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಬೇರೆ ಹೇಳದಿದ್ದರೆ ಎಲ್ಲವೂ 12 ವೋಲ್ಟ್ ವಾಹನಗಳಿಗೆ ಅನ್ವಯ.

## ಮೊದಲು ತಿಳಿಯಬೇಕಾದದ್ದು

ಹಳೆ ಸ್ಟೀರಿಯೋ ತೆಗೆದ ಮೇಲೆ ನಾಲ್ಕೈದು ವೈರ್ ನೇತಾಡ್ತಿವೆ. ಹಾಗೇ ಬಿಟ್ಟರೆ ಏನಾಗುತ್ತೆ?

ಯಾವ ವೈರ್ ಅನ್ನುವುದರ ಮೇಲೆ ಹೋಗುತ್ತದೆ. ಬ್ಯಾಟರಿಯಿಂದ ಸದಾ ಕರೆಂಟ್ ಬರುವ ವೈರ್ ಡ್ಯಾಶ್‌ಬೋರ್ಡ್ ಹಿಂದಿನ ಲೋಹಕ್ಕೆ ತಗುಲಿದರೆ ಫ್ಯೂಸ್ ಹೋಗುತ್ತದೆ. ಬಹಳ ಗಾಡಿಗಳಲ್ಲಿ ಅದೇ ಫ್ಯೂಸ್ ಮೇಲೆ ಒಳಗಿನ ಲೈಟು, ಗಡಿಯಾರದಂಥವೂ ಇರುತ್ತವೆ. ಅವೂ ಜೊತೆಗೇ ನಿಲ್ಲುತ್ತವೆ. ಇದು ಸುಲಭದಲ್ಲಿ ಮುಗಿದ ಪ್ರಕರಣ. ಯಾರೋ ಹಿಂದೆ ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಎಳೆದ ವೈರ್ ಆಗಿದ್ದರೆ ಮಾತ್ರ ವಿಷಯ ಗಂಭೀರ. ಕಾರಿನ ಲೆಡ್ ಆಸಿಡ್ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಸಬಲ್ಲದು. 1 ಚದರ ಮಿ.ಮೀ. ವೈರ್ ಅದನ್ನು ತಾಳದೆ ಕೆಂಪಗೆ ಕಾದು, ತನ್ನ ಹೊದಿಕೆಯ ಜೊತೆ ಪಕ್ಕದ ವೈರ್‌ಗಳ ಹೊದಿಕೆಯನ್ನೂ ಕರಗಿಸುತ್ತದೆ. ವಾಹನಕ್ಕೆ ಬೆಂಕಿ ಹತ್ತುವ ದಾರಿಗಳಲ್ಲಿ ಇದೂ ಒಂದು.

ಮೀಟರ್ ಹಿಡಿದರೆ ಸೊನ್ನೆ ತೋರಿಸುತ್ತೆ. ಕರೆಂಟೇ ಇಲ್ಲದ ವೈರ್‌ಗೂ ಮುಚ್ಚಳ ಬೇಕಾ?

ಬೇಕು. ಈಗ ಸೊನ್ನೆ ತೋರಿಸುವ ವೈರ್ ರಿವರ್ಸ್ ಗೇರ್ ಹಾಕಿದಾಗಲೋ ಹೆಡ್‌ಲೈಟ್ ಹೊತ್ತಿಸಿದಾಗಲೋ ಜೀವ ಪಡೆಯಬಹುದು. ಇನ್ನು ವಾಹನದಲ್ಲಿ ಹಲವು ಸರ್ಕ್ಯೂಟ್‌ಗಳು ಅರ್ಥ್ (ಬ್ಯಾಟರಿ ನೆಗೆಟಿವ್‌ಗೆ ಸೇರಿರುವ ಬಾಡಿ ಲೋಹ) ಸಿಕ್ಕರೆ ಸಾಕು ಕೆಲಸ ಶುರುಮಾಡುತ್ತವೆ. ಹಾರ್ನ್ ಬಟನ್ ಸಾಮಾನ್ಯವಾಗಿ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಕಾಯಿಲ್‌ಗೆ ಅರ್ಥ್ ಕೊಡುತ್ತದೆ, ಬಾಗಿಲ ಸ್ವಿಚ್ ಒಳಗಿನ ಲೈಟಿಗೆ ಅರ್ಥ್ ಕೊಡುತ್ತದೆ. ಅಂಥ ವೈರಿನ ತುದಿ ಬಾಡಿಗೆ ತಗುಲಿದರೆ ಫ್ಯೂಸ್ ಹೋಗುವುದಿಲ್ಲ. ಹಾರ್ನ್ ತಾನೇ ಕೂಗುತ್ತದೆ, ಇಲ್ಲವೇ ರಾತ್ರಿಯಿಡೀ ಲೈಟ್ ಉರಿದು ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ಫ್ಯೂಸ್ ಸರಿ ಇರುವುದರಿಂದ ದೋಷ ಹುಡುಕುವುದೂ ಕಷ್ಟ.

12 ವೋಲ್ಟ್ ತಾನೇ, ಶಾಕ್ ಕೂಡ ಹೊಡೆಯಲ್ಲ. ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ವೋಲ್ಟೇಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಿಜ. ಸಾಧಾರಣ ಇನ್ಸುಲೇಷನ್ ಟೇಪ್ ಮೇಲೇ 600 ವೋಲ್ಟ್ ಎಂದು ಬರೆದಿರುತ್ತದೆ. 12 ವೋಲ್ಟ್ ಅದನ್ನು ಭೇದಿಸಿಕೊಂಡು ಬರುವುದಿಲ್ಲ. ವಾಹನದಲ್ಲಿ ಮುಚ್ಚಳವನ್ನು ಸೋಲಿಸುವುದು ಉಜ್ಜಾಟ, ನೀರು, ಬಿಸಿ, ಎಣ್ಣೆ, ಈ ನಾಲ್ಕು. ಹಾಗಾಗಿ ಯಾವ ಸಾಮಾನು ಕಂಡರೂ ‘ಎಷ್ಟು ವೋಲ್ಟ್ ತಡೆಯುತ್ತೆ’ ಎಂದು ಕೇಳುವ ಬದಲು, ‘ಈ ಜಾಗದ ಬಿಸಿಯಲ್ಲಿ ಅಂಟು ಬಿಡದೆ ಇರುತ್ತಾ, ನೀರು ಒಳಗೆ ಬಿಡುತ್ತಾ’ ಎಂದು ಕೇಳಿಕೊಳ್ಳಿ.

ತುದಿ ಮುಚ್ಚೋಕೆ ಮೊದಲು ಏನು ಮಾಡಬೇಕು?

ವೈರ್ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ. ನಮ್ಮ ಅಭಿಪ್ರಾಯದಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹೊರಗಿನಿಂದ ಸೇರಿಸಿದ ವೈರ್ ಆಗಿದ್ದರೆ (ಫಾಗ್ ಲ್ಯಾಂಪ್, ಆಂಪ್ಲಿಫೈಯರ್, ಡ್ಯಾಶ್ ಕ್ಯಾಮೆರಾ) ಬ್ಯಾಟರಿ ಟರ್ಮಿನಲ್‌ನಿಂದ ಅಥವಾ ಫ್ಯೂಸ್ ಬಾಕ್ಸ್‌ನ ಟ್ಯಾಪ್‌ನಿಂದಲೇ ಬಿಚ್ಚಿ, ಪೂರ್ತಿ ಎಳೆದು ತೆಗೆಯಿರಿ. ತೆಗೆದ ವೈರ್‌ಗೆ ಮುಚ್ಚಳವೇ ಬೇಡ. ಕಂಪನಿಯ ವೈರ್ ಕಟ್ಟು ಅಂದರೆ ಹಾರ್ನೆಸ್‌ನ ವೈರ್ ಆಗಿದ್ದು, ಅದಕ್ಕೆ ಪ್ರತ್ಯೇಕ ಫ್ಯೂಸ್ ಇದ್ದರೆ ಆ ಫ್ಯೂಸ್ ತೆಗೆದಿಡಿ. ಫ್ಯೂಸ್ ಹಂಚಿಕೊಂಡಿದ್ದರೆ ಮಾತ್ರ ತುದಿಯ ಮುಚ್ಚಳವೇ ಏಕೈಕ ರಕ್ಷಣೆ.

ಮೀಟರ್‌ನಲ್ಲಿ ವೋಲ್ಟ್ ಅಳೆದು ಮುಗಿದು, ಬಿಚ್ಚುವ ಕತ್ತರಿಸುವ ಕೆಲಸ ಶುರುಮಾಡುವಾಗ ಬ್ಯಾಟರಿಯ ನೆಗೆಟಿವ್ ಕಳಚಿ. ಅದಕ್ಕೂ ಮೊದಲು ರೇಡಿಯೋ ಕೋಡ್ ಬೇಕಾಗುತ್ತದೆಯೇ, ಪವರ್ ವಿಂಡೋ ಮತ್ತೆ ಹೊಂದಿಸಬೇಕೇ ಎಂದು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಯಾವ ವೈರ್ ಯಾವುದು ಅಂತ ಮೀಟರ್‌ನಲ್ಲಿ ಹೇಗೆ ಗುರುತಿಸೋದು?

ಬಣ್ಣ ನಂಬಬೇಡಿ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೇ ಬಣ್ಣ ಬೇರೆ ಇರುತ್ತದೆ, ಮಧ್ಯೆ ಯಾರಾದರೂ ಕೈಯಾಡಿಸಿದ್ದರೆ ಕೇಳುವುದೇ ಬೇಡ.

ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಪ್ರೋಬ್ ಬಣ್ಣವಿಲ್ಲದ ಬಾಡಿ ಬೋಲ್ಟ್‌ಗೆ, ಕೆಂಪು ಪ್ರೋಬ್ ವೈರ್ ತುದಿಗೆ. ಕೀ ತೆಗೆದಾಗಲೂ 12.4ರಿಂದ 12.7 ಬಂದರೆ ಸದಾ ಜೀವಂತ ವೈರ್. ಆಮೇಲೆ ಕೀಯನ್ನು ಒಂದೊಂದೇ ಹಂತ ತಿರುಗಿಸಿ, ಪಾರ್ಕಿಂಗ್ ಲೈಟ್, ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್, ರಿವರ್ಸ್ ಎಲ್ಲ ಹಾಕಿ ನೋಡಿ. ಯಾವಾಗಲೂ ಸೊನ್ನೆಯೇ ಬಂದರೆ ಬ್ಯಾಟರಿ ಕಳಚಿ ಬಾಡಿಗೂ ವೈರ್‌ಗೂ ನಡುವಿನ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಅದು ಅರ್ಥ್ ವೈರ್.

5 ಅಥವಾ 6 ವೋಲ್ಟ್‌ನಂಥ ನಡುವಿನ ಅಂಕಿ ಬಂದರೆ ಜಾಗ್ರತೆ. ಅದು ಸೆನ್ಸರ್ ವೈರ್ ಅಥವಾ ಸ್ಪೀಕರ್ ವೈರ್ ಇರಬಹುದು. ಅಲ್ಲಿಗೆ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ, ಬಲ್ಬ್ ಎಳೆಯುವ ಕರೆಂಟನ್ನು ಅದರ ಹಿಂದಿರುವ ಮಾಡ್ಯೂಲ್ (ಎಲೆಕ್ಟ್ರಾನಿಕ್ ಪೆಟ್ಟಿಗೆ) ತಾಳದೇ ಹೋಗಬಹುದು.

ಗೊತ್ತಾದದ್ದನ್ನು ಆಗಲೇ ಬರೆದಿಡಿ: ಒಂದು ತುಂಡು ಬಿಳಿ ಟೇಪ್‌ ಮೇಲೆ ‘ಸದಾ 12, ಫ್ಯೂಸ್ 10 ಆಂಪಿಯರ್’ ಎಂದು ಬರೆದು ತುದಿಯಿಂದ ಮೂರು ಬೆರಳು ಹಿಂದೆ ಬಾವುಟದ ಹಾಗೆ ಅಂಟಿಸಿ, ಮೇಲೆ ಪಾರದರ್ಶಕ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ.

## ಸಾಮಾನಿನ ಆಯ್ಕೆ

ಮಾಮೂಲಿ ಪಿವಿಸಿ ಟೇಪ್ ಸುತ್ತಿದರೆ ಸಾಲಲ್ವಾ?

ಗಾಡಿಯ ಒಳಗೆ, ಒಣ ಜಾಗದಲ್ಲಿ, ಬೇರೆ ಮುಚ್ಚಳದ ಮೇಲಿನ ಪದರವಾಗಿ ಸಾಕು. ಅದೊಂದನ್ನೇ ನಂಬಿದರೆ ತಾಪತ್ರಯ. ಬಿಸಿಗೆ ಅಂಟು ಮೆತ್ತಗಾಗಿ ಟೇಪ್ ಸರಿಯುತ್ತದೆ, ಕೊನೆಯ ಸುತ್ತು ಬಾವುಟದಂತೆ ಎದ್ದು ನಿಲ್ಲುತ್ತದೆ, ಕೊನೆಗೆ ಇಡೀ ಟೋಪಿಯೇ ಜಾರಿ ವೈರ್ ಮೇಲೆ ಕಪ್ಪು ಜಿಗುಟು ಉಳಿಯುತ್ತದೆ. ಬೇಸಿಗೆಯಲ್ಲಿ ಮುಚ್ಚಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸುತ್ತ ಕೂಡ ಅಷ್ಟು ಬಿಸಿ ಏರುತ್ತದೆ.

ಟೇಪ್ ಒಂದೇ ಕೈಯಲ್ಲಿದ್ದರೆ ವೈರ್ ತುದಿಯನ್ನು ಎರಡು ಸೆಂಟಿಮೀಟರ್ ಹಿಂದಕ್ಕೆ ಮಡಚಿ, ಮಡಿಕೆಯಿಂದ ಶುರುಮಾಡಿ ಅರ್ಧ ಅಗಲ ಒಂದರ ಮೇಲೊಂದು ಬರುವಂತೆ ಎಳೆದು ಸುತ್ತಿ; ಕೊನೆಯ ಒಂದು ಸುತ್ತನ್ನು ಮಾತ್ರ ಎಳೆಯದೆ ಸುಮ್ಮನೆ ಅಂಟಿಸಿ. ಎಳೆದಿಟ್ಟ ಕೊನೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾರ್ನೆಸ್‌ಗೆ ಸುತ್ತುವ ಬಟ್ಟೆ ಟೇಪ್ ಸದ್ದು ಮತ್ತು ಉಜ್ಜಾಟ ತಡೆಯಲು ಇರುವುದು. ನೀರು ಹೀರುತ್ತದೆ. ಬರಿ ತಾಮ್ರದ ಮೇಲೆ ಅದನ್ನು ಸುತ್ತುವಂತಿಲ್ಲ.

ಹೀಟ್ ಶ್ರಿಂಕ್‌ನಲ್ಲಿ ಗಮ್ ಇರೋದು, ಇಲ್ಲದ್ದು ಅಂತಾರೆ. ಯಾವುದು, ಎಷ್ಟು ಸೈಜ್?

ಒಳಗೆ ಗಮ್ ಪದರ ಇರುವುದನ್ನೇ ತನ್ನಿ. ಗಮ್ ಇಲ್ಲದ ತೆಳು ಸ್ಲೀವ್ ಸಾಮಾನ್ಯವಾಗಿ ಅರ್ಧಕ್ಕೆ ಕುಗ್ಗುತ್ತದೆ, ಉಜ್ಜಾಟ ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಗಮ್ ಇರುವುದು ಮೂರರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲಿಗೆ ಕುಗ್ಗುತ್ತದೆ. ಕರಗಿದ ಗಮ್ ಸಂದುಗಳನ್ನು ತುಂಬಿಕೊಳ್ಳುತ್ತದೆ.

ಲೆಕ್ಕ ಸುಲಭ. ತೆಳು ಹೊದಿಕೆಯ ವಾಹನ ವೈರ್‌ಗಳ ಹೊರ ವ್ಯಾಸ ಹೆಚ್ಚೆಂದರೆ ಇಷ್ಟಿರುತ್ತದೆ: 0.5 ಚದರ ಮಿ.ಮೀ. ವೈರ್‌ಗೆ 1.6 ಮಿ.ಮೀ., 1 ಚದರಕ್ಕೆ 2.1, 1.5 ಚದರಕ್ಕೆ 2.4, 2.5 ಚದರಕ್ಕೆ 3. ಒಂಟಿ ವೈರ್ ನೇರವಾಗಿ ಹೋಗುವುದಾದರೆ 0.5 ಮತ್ತು 1 ಚದರಕ್ಕೆ 3 ಮಿ.ಮೀ. ಸ್ಲೀವ್, 1.5 ಮತ್ತು 2.5 ಚದರಕ್ಕೆ 4.8 ಮಿ.ಮೀ. ಸ್ಲೀವ್. ತುದಿಯನ್ನು ಮಡಚಿ ತೂರಿಸುವುದಾದರೆ ದಪ್ಪ ಇಮ್ಮಡಿಯಾಗುತ್ತದೆ, 1.5 ಚದರದ ಮಡಿಕೆಗೆ 6, 2.5 ಚದರದ್ದಕ್ಕೆ 9 ಮಿ.ಮೀ. ಬೇಕು. ಎರಡು ಸೈಜ್ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ, ತೂರಿದರೆ ಸಾಕು.

ಒಂದು ಕಡೆ ಮುಚ್ಚಿಕೊಂಡೇ ಬರುವ ಗಮ್ ಕ್ಯಾಪ್‌ಗಳೂ ಇವೆ. ದಪ್ಪ ಕೇಬಲ್‌ಗಳಿಗೆ ಅವು ಹಿತ.

ಸಿಲಿಕೋನ್ ಪೇಸ್ಟ್, ಹಾಟ್ ಗ್ಲೂ, ಲಿಕ್ವಿಡ್ ಟೇಪ್, ರಬ್ಬರ್ ಟೇಪ್, ಇವುಗಳಲ್ಲಿ ಯಾವುದು ನಡೆಯುತ್ತೆ?

ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ: ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ. ಸಿಲಿಕೋನೇ ಬೇಕಿದ್ದರೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ತನ್ನಿ. ಗನ್‌ನಿಂದ ಹಾಕುವ ಹಾಟ್ ಗ್ಲೂ ಎಂಜಿನ್ ಬಿಸಿಗೆ ಮತ್ತೆ ಕರಗುತ್ತದೆ. ಲಿಕ್ವಿಡ್ ಟೇಪ್ ಪರವಾಗಿಲ್ಲ, ಒಂದೇ ಲೇಪ ಸಾಲದು. ಪ್ರತಿ ಲೇಪ ಪೂರ್ತಿ ಒಣಗಿಸಿ ಮೂರು ಸಲ ಅದ್ದಿ. ಅದರ ದ್ರಾವಕಕ್ಕೆ ಬೆಂಕಿ ಹತ್ತುತ್ತದೆ, ಒಣಗುವ ಮುನ್ನ ಹೀಟ್ ಗನ್ ಹತ್ತಿರ ತರಬೇಡಿ.

ಇವುಗಳಲ್ಲೆಲ್ಲ ನಾವು ಮೆಚ್ಚುವುದು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್. ಅದಕ್ಕೆ ಅಂಟೇ ಇಲ್ಲ. ಎರಡು ಮೂರು ಪಟ್ಟು ಉದ್ದಕ್ಕೆ ಎಳೆದು, ಅರ್ಧ ಅಗಲ ಮೇಲೆ ಬರುವಂತೆ ಸುತ್ತಿದರೆ ಪದರಗಳು ಸೇರಿ ಒಂದೇ ಮುದ್ದೆಯಾಗುತ್ತವೆ. ಎಳೆಯದೆ ಸುತ್ತಿದರೆ ಬೆಸೆಯುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಸ್ಲೀವ್ ತೂರಿಸಲಾಗದ, ಹೀಟ್ ಗನ್ ಹಿಡಿಯಲಾಗದ ಇಕ್ಕಟ್ಟಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಪ್ಪು ರಬ್ಬರ್ ಜಾತಿಯದ್ದನ್ನು ಹೊರಗೆ ಬಳಸಿದರೆ ಮೇಲೊಂದು ಪದರ ಪಿವಿಸಿ ಟೇಪ್ ಹಾಕಿ.

ಮನೆ ವೈರಿಂಗ್‌ಗೆ ಹಾಕೋ ತಿರುಗಿಸುವ ಕ್ಯಾಪ್ ಇದೆ. ಹಾಕಲಾ?

ಬೇಡ. ಗಾಡಿಯ ನಡುಕಕ್ಕೆ ತಾನಾಗಿ ತಿರುಗಿ ಕಳಚಿಕೊಳ್ಳುತ್ತದೆ, ಅಡಿಭಾಗ ತೆರೆದಿರುವುದರಿಂದ ನೀರೂ ಒಳಗೆ ಸೇರುತ್ತದೆ.

## ಕೈಕೆಲಸ

ಒಂದು ವೈರ್ ತುದಿಯನ್ನು ಸರಿಯಾಗಿ ಮುಚ್ಚೋ ಕ್ರಮ ಹೇಳಿ.

ಸುಲಿದು ಬರಿದಾದ ತಾಮ್ರವನ್ನು ಮೊದಲು ಕತ್ತರಿಸಿ ಬಿಸಾಡಿ. ಹೊದಿಕೆಯೂ ತಾಮ್ರವೂ ಒಂದೇ ಸಮಕ್ಕೆ, ನೇರವಾಗಿ ಕತ್ತರಿಸಿರಬೇಕು. ಓರೆಯಾಗಿ ಕತ್ತರಿಸಿದ ಎಳೆಯ ಮೊನೆ ಸ್ಲೀವನ್ನು ಚುಚ್ಚುತ್ತದೆ. ಹಾಗೆಂದು ಬುಡಕ್ಕೇ ಕತ್ತರಿಸಬೇಡಿ, ಮುಂದೆಂದಾದರೂ ಬೇಕಾದಾಗ ಜೋಡಿಸಲು 10ರಿಂದ 15 ಸೆಂ.ಮೀ. ಉಳಿದಿರಲಿ. ಹೊದಿಕೆಯ ಕೊನೆಯ 4 ಸೆಂ.ಮೀ. ಭಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹಳೆ ಟೇಪಿನ ಜಿಗುಟು, ಎಣ್ಣೆ ಇದ್ದರೆ ಗಮ್ ಹಿಡಿಯುವುದಿಲ್ಲ.

40 ಮಿ.ಮೀ. ಉದ್ದದ ಗಮ್ ಸ್ಲೀವ್ ತೂರಿಸಿ: 25 ಮಿ.ಮೀ. ವೈರಿನ ಮೇಲೆ, 15 ಮಿ.ಮೀ. ತುದಿಯಾಚೆ ಖಾಲಿ. ಬಿಸಿ ಗಾಳಿಯನ್ನು ವೈರಿನ ಕಡೆಯಿಂದ ಶುರುಮಾಡಿ, ಸುತ್ತಲೂ ಆಡಿಸುತ್ತ ಖಾಲಿ ತುದಿಯತ್ತ ಬನ್ನಿ. ಒಳಗಿನ ಗಾಳಿ ಮುಂದೆ ಹೋಗಿ ಹೊರಬೀಳುತ್ತದೆ. ಬುಡದಲ್ಲಿ ವೈರಿನ ಸುತ್ತ ಗಮ್ ತೆಳುವಾದ ಉಂಗುರವಾಗಿ ಹೊರಗೆ ಇಣುಕಬೇಕು. ಆ ಉಂಗುರ ಕಾಣದಿದ್ದರೆ ಸೀಲ್ ಆಗಿಲ್ಲ ಎಂದೇ ಲೆಕ್ಕ.

ಇನ್ನೂ ಬಿಸಿ ಇರುವಾಗಲೇ ಖಾಲಿ ಭಾಗದ ಕೊನೆಯ 5-6 ಮಿ.ಮೀ.ಯನ್ನು ಚಪ್ಪಟೆ ಮೂತಿಯ ಪ್ಲೈಯರ್‌ನಿಂದ ಅದುಮಿ, ಗಮ್ ಗಟ್ಟಿಯಾಗುವವರೆಗೆ ಹಿಡಿದುಕೊಳ್ಳಿ. ಪ್ಲೈಯರ್ ಮೂತಿ ಒದ್ದೆ ಮಾಡಿಕೊಂಡರೆ ಗಮ್ ಅಂಟಿಕೊಳ್ಳುವುದಿಲ್ಲ. ಬಿಟ್ಟ ಮೇಲೆ ತುದಿ ಮೀನಿನ ಬಾಲದ ಹಾಗೆ ಚಪ್ಪಟೆಯಾಗಿ, ಅಂಚಿನಲ್ಲಿ ಗಮ್ ಗೆರೆಯೊಂದು ಕಾಣುತ್ತದೆ. ಪೂರ್ತಿ ಆರುವವರೆಗೆ ಬಗ್ಗಿಸಬೇಡಿ.

ನೀರು ಬೀಳುವ ಜಾಗವಾದರೆ ಇದನ್ನು ಹಿಂದಕ್ಕೆ ಸಡಿಲವಾಗಿ ಮಡಚಿ, ಮೇಲೊಂದು ದೊಡ್ಡ ಗಮ್ ಸ್ಲೀವ್ ಹಾಕಿ. ಮೊದಲೇ ಮುಚ್ಚಿ ಬರುವ ಕ್ಯಾಪ್ ಬಳಸುವುದಾದರೆ ಬಿಸಿಯ ದಿಕ್ಕು ತಿರುವುಮುರುವು: ಮುಚ್ಚಿದ ಕಡೆಯಿಂದ ಶುರುಮಾಡಿ ತೆರೆದ ಬಾಯಿಯತ್ತ ಬರಬೇಕು, ಇಲ್ಲದಿದ್ದರೆ ಗಾಳಿ ಒಳಗೇ ಸಿಕ್ಕಿಕೊಂಡು ಕ್ಯಾಪ್ ಹಿಂದಕ್ಕೆ ಜಾರುತ್ತದೆ.

ಹೀಟ್ ಗನ್ ಇಲ್ಲ. ಲೈಟರ್ ಹಿಡಿದರೆ ಆಗಲ್ವಾ?

ಕುಗ್ಗುವುದು ಕುಗ್ಗುತ್ತದೆ. ಆದರೆ ಒಂದು ಬದಿ ಸುಟ್ಟು ಇನ್ನೊಂದು ಬದಿಯಲ್ಲಿ ಗಮ್ ಕರಗದೆ ಉಳಿಯುತ್ತದೆ, ಮಸಿ ಕೂತು ಬಿರುಕು ಕಾಣದಂತಾಗುತ್ತದೆ. ಪಾಲಿಓಲಿಫಿನ್ ಸ್ಲೀವ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುಗ್ಗತೊಡಗಿ 120ರ ಸುಮಾರಿಗೆ ಪೂರ್ತಿಯಾಗುತ್ತದೆ. ಜ್ವಾಲೆಯ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪೆಟ್ರೋಲ್ ಪೈಪ್ ಬಳಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ಬ್ಯಾಟರಿ ಬಳಿ ಬೆಂಕಿ ಹಚ್ಚುವ ಮಾತೇ ಇಲ್ಲ. ಹೀಟ್ ಗನ್ ಸಿಗದಿದ್ದರೆ ರಬ್ಬರ್ ಟೇಪ್‌ನಲ್ಲಿ ಕೆಲಸ ಮುಗಿಸಿ.

ಏಳೆಂಟು ವೈರ್ ಇವೆ. ಎಲ್ಲ ಸೇರಿಸಿ ಒಂದೇ ಸ್ಲೀವ್ ಹಾಕಿದರೆ ಬೇಗ ಮುಗಿಯುತ್ತೆ ಅಲ್ವಾ?

ಬೇಗ ಮುಗಿಯುತ್ತದೆ, ಶಾರ್ಟೂ ಬೇಗ ಆಗುತ್ತದೆ. ಒಂದೇ ಸಮಕ್ಕೆ ಕತ್ತರಿಸಿದ ತುದಿಗಳು ಸ್ಲೀವ್ ಕುಗ್ಗಿದಾಗ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಸದಾ ಜೀವಂತ ವೈರ್ ಪಕ್ಕದಲ್ಲೇ ಅರ್ಥ್ ವೈರ್ ಇರುತ್ತದೆ. ಪ್ರತಿಯೊಂದನ್ನೂ ಬೇರೆಯಾಗಿ ಮುಚ್ಚಿ. ಕತ್ತರಿಸುವಾಗಲೇ ಒಂದರಿಂದೊಂದಕ್ಕೆ 10-15 ಮಿ.ಮೀ. ಮೆಟ್ಟಿಲಿನಂತೆ ಹಿಂದುಮುಂದು ಮಾಡಿದರೆ ಯಾವುದೋ ಒಂದು ಮುಚ್ಚಳ ಸೋತರೂ ಎದುರಿಗೆ ಇನ್ನೊಂದು ತುದಿ ಇರುವುದಿಲ್ಲ, ಗಂಟೂ ದಪ್ಪವಾಗುವುದಿಲ್ಲ.

ಆಮೇಲೆ ಎಲ್ಲಕ್ಕೂ ಸೇರಿಸಿ ಹೊರ ಸ್ಲೀವ್ ಹಾಕಬಹುದು. ದುಂಡು ವೈರ್‌ಗಳ ನಡುವೆ ಕಣಿವೆಗಳು ಉಳಿಯುವುದರಿಂದ ಹೊರ ಸ್ಲೀವ್‌ನ ಗಮ್ ಒಂದೇ ಅವನ್ನು ತುಂಬಲಾರದು. ಬುಡದಲ್ಲಿ ವೈರ್‌ಗಳ ನಡುವೆ ಗಮ್ ಪಟ್ಟಿ ಅಥವಾ ರಬ್ಬರ್ ಟೇಪ್ ಚೂರು ನುಗ್ಗಿಸಿ ಆಮೇಲೆ ಬಿಸಿ ಮಾಡಿ.

ಕತ್ತರಿಸಿ ನೋಡಿದರೆ ಒಳಗಿನ ತಾಮ್ರ ಕಪ್ಪಾಗಿದೆ, ಸ್ವಲ್ಪ ಹಸಿರು ಪುಡಿಯೂ ಇದೆ. ಅದರ ಮೇಲೇ ಮುಚ್ಚಬಹುದಾ?

ತೆರೆದ ತುದಿಯಿಂದ ಸೇರಿದ ನೀರನ್ನು ತಾಮ್ರದ ಎಳೆಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಹೊದಿಕೆಯೊಳಗೇ ಹೀರಿಕೊಂಡು ಹೋಗುತ್ತವೆ. ಹೊರಗೆ ಏನೂ ಕಾಣದು. ಕೆಲವೊಮ್ಮೆ ಆ ನೀರು ಹಾರ್ನೆಸ್ ಉದ್ದಕ್ಕೂ ಸಾಗಿ ಕಂಟ್ರೋಲ್ ಯೂನಿಟ್‌ನ ಪಿನ್‌ಗಳವರೆಗೂ ಮುಟ್ಟುತ್ತದೆ. ಸದಾ ಪಾಸಿಟಿವ್ ಇರುವ ವೈರ್ ಒದ್ದೆಯಾದರೆ ಇನ್ನೂ ಕೆಟ್ಟದು: ನೀರು, ಉಪ್ಪು, ವೋಲ್ಟೇಜ್ ಮೂರೂ ಸೇರಿ ತಾಮ್ರ ಕರಗಿ ಹೋಗುತ್ತ ಇರುತ್ತದೆ. ಜೀವವಿಲ್ಲದ ವೈರ್ ಅಷ್ಟು ಬೇಗ ತಿನ್ನಿಸಿಕೊಳ್ಳುವುದಿಲ್ಲ. ಮೂಲದಲ್ಲೇ ಬಿಚ್ಚಿ ಎನ್ನಲು ಇದೂ ಒಂದು ಕಾರಣ.

ಎರಡೆರಡು ಸೆಂಟಿಮೀಟರ್‌ನಂತೆ ಹಿಂದಕ್ಕೆ ಕತ್ತರಿಸುತ್ತ ಹೋಗಿ, ಹೊಳೆಯುವ ತಾಮ್ರ ಸಿಕ್ಕಲ್ಲಿ ನಿಲ್ಲಿಸಿ. ಉದ್ದ ಸಾಲದಷ್ಟು ಒಳಗೆ ಕಿಲುಬು ಹೋಗಿದ್ದರೆ, ಒಣಗಿಸದೆ ಮುಚ್ಚುವುದು ನೀರನ್ನು ಒಳಗೇ ಬಂಧಿಸಿದಂತೆ. ಅಂಥ ವೈರನ್ನು ಇನ್ನೊಂದು ತುದಿಯಿಂದಲೂ ಬಿಡಿಸಿ ಪೂರ್ತಿ ತೆಗೆಯಿರಿ.

ತುದಿಗೆ ಸೀಸ ಹಾಕಿ ಬೆಸುಗೆ ಮಾಡಿದರೆ ನೀರು ಹೋಗಲ್ಲ ಅಂತಾರಲ್ಲ?

ಎಳೆಗಳು ಪೂರ್ತಿ ತುಂಬಿದರೆ ಆ ದಾರಿ ಮುಚ್ಚಬಹುದು, ಹೊದಿಕೆಗೂ ತಾಮ್ರಕ್ಕೂ ನಡುವಿನ ದಾರಿ ಹಾಗೇ ಇರುತ್ತದೆ. ತುದಿ ಗಟ್ಟಿಯಾಗಿ ಚೂಪಾಗುತ್ತದೆ. ಬಳಸದ ತುದಿಗೆ ಬೆಸುಗೆಯಿಂದ ಲಾಭವಿಲ್ಲ.

ಮುಚ್ಚಿದ ತುದಿಯನ್ನು ಎಲ್ಲಿ, ಹೇಗೆ ಕಟ್ಟಬೇಕು?

ಹಾರ್ನೆಸ್ ಮೇಲೇ ಹಿಂದಕ್ಕೆ ಒರಗಿಸಿ ಎರಡು ಕಡೆ ಕಟ್ಟಿ: ಒಂದು ಗಂಟು ಮುಚ್ಚಳದ ಹಿಂದೆ, ಒಂದು ಮಡಿಕೆಯ ಬಳಿ. ಕೇಬಲ್ ಟೈಯನ್ನು ಮುಚ್ಚಳದ ಮೇಲೆಯೇ ಬಿಗಿದರೆ ಅದು ಗಮ್ ಪದರವನ್ನು ಕತ್ತರಿಸುತ್ತದೆ. ಹೊರಗಡೆ ಇದ್ದರೆ ತುದಿ ಕೆಳಮುಖವಾಗಿರಲಿ, ನೀರು ತೊಟ್ಟಿಕ್ಕಿ ಹೋಗುತ್ತದೆ. ಸೀಟ್ ಹಳಿ, ಪೆಡಲ್, ಸ್ಟೀರಿಂಗ್ ಕಾಲಂ, ವೈಪರ್ ಕೈಗಳ ದಾರಿಯಿಂದ ದೂರ ಇಡಿ. ಬ್ರೇಕ್ ಪೈಪ್‌ಗೂ ಪೆಟ್ರೋಲ್ ಪೈಪ್‌ಗೂ ಯಾವ ವೈರನ್ನೂ ಕಟ್ಟಬಾರದು. ಸೈಲೆನ್ಸರ್, ಟರ್ಬೊ ಹತ್ತಿರದ ಬಿಸಿಯಲ್ಲಿ ಮಾಮೂಲಿ ಸ್ಲೀವ್ ಉಳಿಯುವುದಿಲ್ಲ. ಅದು ತಾಳುವುದು 110ರಿಂದ 125 ಡಿಗ್ರಿವರೆಗೆ. ತುದಿಯನ್ನೇ ಅಲ್ಲಿಂದ ಬೇರೆ ಕಡೆಗೆ ತಿರುಗಿಸಿ.

ನಿಜವಾಗಲೂ ಸೀಲ್ ಆಗಿದೆಯಾ ಅಂತ ಹೇಗೆ ನೋಡೋದು?

ಎರಡೂ ತುದಿ ಬಿಡಿಯಾಗಿರುವ ವೈರ್ ಆದರೆ ಉಪ್ಪುನೀರಿನ ಪರೀಕ್ಷೆ ಮಾಡಿ. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಕರಗಿಸಿ, ಮುಚ್ಚಿದ ತುದಿಯನ್ನು 5 ಸೆಂ.ಮೀ. ಮುಳುಗಿಸಿ ಹತ್ತು ನಿಮಿಷ ಬಿಡಿ. ಮೀಟರ್ 20 ಮೆಗಾಓಮ್‌ಗೆ. ಒಂದು ಪ್ರೋಬ್ ನೀರಿಗೆ, ಇನ್ನೊಂದು ವೈರಿನ ಆಚೆ ತುದಿಯ ತಾಮ್ರಕ್ಕೆ. ಅಂಕಿಯೇ ಬರಬಾರದು. ಕೆಲವು ಮೆಗಾಓಮ್ ತೋರಿಸಿ ನಿಧಾನಕ್ಕೆ ಇಳಿಯುತ್ತಿದ್ದರೆ ಎಲ್ಲೋ ನೀರು ಒಳಗೆ ಹೋಗುತ್ತಿದೆ. ಗಾಡಿಗೆ ಸೇರಿರುವ ವೈರ್‌ಗೆ ಈ ಪರೀಕ್ಷೆ ಬೇಡ. ಅದೇ ವೈರ್, ಅದೇ ಸ್ಲೀವ್‌ನ ಬಿಡಿ ತುಂಡಿನಲ್ಲಿ ಮಾಡಿ ನಿಮ್ಮ ಕೈ ಎಷ್ಟು ಸರಿ ಬಂದಿದೆ ಎಂದು ನೋಡಿಕೊಳ್ಳಿ.

## ಕಪ್ಲರ್, ದಪ್ಪ ಕೇಬಲ್, ಬ್ಯಾಟರಿ

ಖಾಲಿ ಕಪ್ಲರ್ ಇದೆ. ಕತ್ತರಿಸಿ ವೈರ್‌ಗಳನ್ನು ಮುಚ್ಚಬೇಕಾ?

ಕತ್ತರಿಸಬೇಡಿ. ಕಂಪನಿ ಕಪ್ಲರ್ ಇದ್ದಷ್ಟೂ ದಿನ ಗಾಡಿಯನ್ನು ಮೊದಲಿನ ಸ್ಥಿತಿಗೆ ತರಬಹುದು. ಅದಕ್ಕೆ ಹೊಂದುವ ಎದುರು ಕಪ್ಲರ್ ಸಿಕ್ಕರೆ, ವೈರ್ ತೂತುಗಳಿಗೆಲ್ಲ ರಬ್ಬರ್ ಬಿರಡೆ ಹಾಕಿ ಸಿಕ್ಕಿಸಿಬಿಡಿ. ಅದಕ್ಕಿಂತ ಒಳ್ಳೆಯ ಮುಚ್ಚಳ ಇಲ್ಲ. ಸಿಗದಿದ್ದರೆ, ಬಾಯಿ ಕೆಳಗೆ ಮಾಡಿ ರಬ್ಬರ್ ಟೇಪ್‌ನಿಂದ ಪೂರ್ತಿ ಸುತ್ತಿ.

ನೀರು ನಿರೋಧಕ ಕಪ್ಲರ್‌ನಿಂದ ಒಂದೇ ಒಂದು ಪಿನ್ ತೆಗೆದರೂ ಆ ತೂತಿಗೆ ಅದೇ ಜಾತಿಯ ಬಿರಡೆ ಹಾಕಲೇಬೇಕು. ಒಂದು ತೂತು ತೆರೆದಿದ್ದರೆ ಪಕ್ಕದ ಎಲ್ಲ ಪಿನ್‌ಗಳೂ ಒದ್ದೆಯಾಗುತ್ತವೆ. ಅಲ್ಲಿಗೆ ಸಿಲಿಕೋನ್ ಪೇಸ್ಟ್ ತುರುಕಿದರೆ ಮುಂದೆ ಪಿನ್ ಹಾಕಲಾಗದು.

ಬೈಕ್‌ಗೂ ಇದೇ ಕ್ರಮನಾ?

ಕ್ರಮ ಇದೇ, ಟೇಪ್ ಮಾತ್ರ ಸುತ್ತಿ ಬಿಡುವ ಅವಕಾಶವಿಲ್ಲ. ಬೈಕಿನಲ್ಲಿ ‘ಒಳಗಡೆ’ ಎಂಬ ಜಾಗವೇ ಇಲ್ಲ. ಪ್ರೆಶರ್ ವಾಶ್ ನೀರು ಟ್ಯಾಂಕಿನ ಕೆಳಗೂ ನುಗ್ಗುತ್ತದೆ. ಹ್ಯಾಂಡಲ್ ಕತ್ತಿನ ಬಳಿ ತುದಿ ಬಿಡಬೇಡಿ, ಪ್ರತಿ ತಿರುವಿಗೂ ಅಲ್ಲಿ ವೈರ್ ಬಾಗುತ್ತದೆ.

ಆಂಪ್ಲಿಫೈಯರ್ ತೆಗೆದೆ. ಬ್ಯಾಟರಿಯಿಂದ ಡಿಕ್ಕಿಗೆ ಬಂದಿರೋ ದಪ್ಪ ಕೇಬಲ್‌ಗೆ ಟೇಪ್ ಸುತ್ತಿ ಬಿಟ್ಟಿದ್ದೀನಿ. ಸರೀನಾ?

ಬ್ಯಾಟರಿ ಕಡೆ ಬಿಚ್ಚಿದ್ದರೆ ಸರಿ, ಇಲ್ಲದಿದ್ದರೆ ಈಗಲೇ ಬಿಚ್ಚಿ. ಕನಿಷ್ಠ ಬ್ಯಾಟರಿ ಬಳಿಯ ಫ್ಯೂಸ್ ಆದರೂ ತೆಗೆಯಿರಿ. 60 ಅಥವಾ 100 ಆಂಪಿಯರ್ ಫ್ಯೂಸ್ ಇರುವ ಕೇಬಲ್ ಬಾಡಿಗೆ ತಗುಲಿದರೆ ಫ್ಯೂಸ್ ಹಾರುವ ಮುನ್ನವೇ ಲೋಹ ಕರಗಿ ಕಿಡಿ ಚಿಮ್ಮುತ್ತದೆ. ಬಿಚ್ಚಿದ ಮೇಲೆ ಎರಡೂ ತುದಿಗೆ ದಪ್ಪ ಗೋಡೆಯ ಗಮ್ ಕ್ಯಾಪ್ ಹಾಕಿ.

ಒಂದು ವಾರ ಗಾಡಿ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತೆ. ಉಳಿದ ವೈರ್ ಕಾರಣ ಇರಬಹುದಾ?

ಇರಬಹುದು. ಒದ್ದೆ ಕೊಳೆ ಕಟ್ಟಿದ ಜೀವಂತ ತುದಿಯಿಂದ ಸ್ವಲ್ಪ ಕರೆಂಟ್ ಸೋರುತ್ತದೆ. ಅದಕ್ಕಿಂತ ಹೆಚ್ಚು ಕಾಣುವುದು ತೆಗೆದ ಉಪಕರಣದ ರಿಲೇ ಗಾಡಿಯಲ್ಲೇ ಉಳಿದು ಕರೆಂಟ್ ಎಳೆಯುತ್ತಿರುವುದು. ಬ್ಯಾಟರಿ ನೆಗೆಟಿವ್ ಮತ್ತು ಕೇಬಲ್ ನಡುವೆ ಸರಣಿಯಲ್ಲಿ ಆಂಪಿಯರ್ ಮೀಟರ್ ಹಾಕಿ, ಮಾಡ್ಯೂಲ್‌ಗಳು ಮಲಗುವವರೆಗೆ ಕಾಯಿರಿ. ಕೆಲವಕ್ಕೆ ಅರ್ಧ ಗಂಟೆಗೂ ಹೆಚ್ಚು ಬೇಕು. ಸಾಮಾನ್ಯ ಕಾರಿನಲ್ಲಿ 50 ಮಿಲಿಆಂಪಿಯರ್ ಒಳಗಿರಬೇಕು. ಅಷ್ಟಾದರೆ ವಾರಕ್ಕೆ ಸುಮಾರು 8.4 ಆಂಪಿಯರ್ ಗಂಟೆ ಹೋಗುತ್ತದೆ. ಅರ್ಧ ಆಂಪಿಯರ್ ಇದ್ದರೆ 60 ಆಂಪಿಯರ್ ಗಂಟೆಯ ಬ್ಯಾಟರಿ ಐದು ದಿನದಲ್ಲಿ ಬರಿದು. ಒಂದೊಂದೇ ಫ್ಯೂಸ್ ತೆಗೆಯುತ್ತ ಯಾವುದರಲ್ಲಿ ಅಂಕಿ ಇಳಿಯುತ್ತದೆ ನೋಡಿ.

## ಎಲೆಕ್ಟ್ರಾನಿಕ್ಸ್ ಇರುವಲ್ಲಿ

ಅಲಾರಂ ತೆಗೆದು ಎಲ್ಲ ವೈರ್ ಚೆನ್ನಾಗಿ ಮುಚ್ಚಿದೆ. ಈಗ ಗಾಡಿ ಸ್ಟಾರ್ಟೇ ಆಗ್ತಿಲ್ಲ!

ಮುಚ್ಚಬಾರದ ಎರಡು ವೈರ್ ಮುಚ್ಚಿದ್ದೀರಿ. ಅಲಾರಂ ಹಾಕುವಾಗ ಸ್ಟಾರ್ಟರ್, ಇಗ್ನಿಷನ್ ಅಥವಾ ಪೆಟ್ರೋಲ್ ಪಂಪ್ ವೈರನ್ನು ನಡುವೆ ಕತ್ತರಿಸಿ, ಎರಡು ತುದಿಗಳನ್ನು ಅಲಾರಂ ರಿಲೇಗೆ ಕೊಟ್ಟಿರುತ್ತಾರೆ. ರಿಲೇ ತೆಗೆದ ಮೇಲೆ ಆ ಎರಡನ್ನು ಮತ್ತೆ ಒಂದಕ್ಕೊಂದು ಸೇರಿಸಬೇಕು. ಹಾರ್ನೆಸ್‌ನೊಳಗೆ ಒಂದೇ ಬಣ್ಣ, ಒಂದೇ ದಪ್ಪದ ಎರಡು ಕತ್ತರಿಸಿದ ತುದಿಗಳು ಎದುರುಬದುರು ಕಂಡರೆ ಅವೇ. ಕ್ರಿಂಪ್ ಮಾಡಿ (ಲೋಹದ ತೋಳಿನೊಳಗೆ ಒತ್ತಿ ಜೋಡಿಸಿ), ಗಮ್ ಸ್ಲೀವ್ ಹಾಕಿ.

ಹಿಂದಿನ ಸ್ಪೀಕರ್ ಬೇಡ. ಅದರ ಎರಡು ವೈರ್‌ಗಳನ್ನು ಒಟ್ಟಿಗೆ ಹೊಸೆದು ಟೇಪ್ ಹಾಕಿದರೆ?

ಸ್ಟೀರಿಯೋ ಔಟ್‌ಪುಟ್ ಕೆಡುತ್ತದೆ. ಈಗಿನ ಸ್ಟೀರಿಯೋಗಳಲ್ಲಿ ಸ್ಪೀಕರಿನ ಎರಡೂ ವೈರ್‌ಗಳ ಮೇಲೆ ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 6 ವೋಲ್ಟ್ ಇರುತ್ತದೆ. ನೆಗೆಟಿವ್ ಎಂದು ಬರೆದಿರುವುದೂ ಅರ್ಥ್ ಅಲ್ಲ. ಒಂದಕ್ಕೊಂದು ತಗುಲಿದರೂ, ಬಾಡಿಗೆ ತಗುಲಿದರೂ ಆಂಪ್ಲಿಫೈಯರ್ ಚಿಪ್‌ಗೆ ಪೆಟ್ಟು. ಎರಡನ್ನೂ ಬೇರೆ ಬೇರೆ ಮುಚ್ಚಿ. ಆಂಟೆನಾ ಅಥವಾ ಆಂಪ್ಲಿಫೈಯರ್ ಆನ್ ಮಾಡುವ ನೀಲಿ ವೈರ್‌ಗೂ ಇದೇ ಮಾತು: ಅದು ಸ್ಟೀರಿಯೋದಿಂದ ಹೊರಬರುವ 12 ವೋಲ್ಟ್, ಹೆಚ್ಚು ಕರೆಂಟ್ ತಾಳದು.

ಒಂದು ಸೆನ್ಸರ್ ತೆಗೆದು ವೈರ್ ಮುಚ್ಚಿದರೆ ಎಂಜಿನ್ ಲೈಟ್ ಹೋಗುತ್ತಾ?

ಹೋಗುವುದಿಲ್ಲ. ಕಂಟ್ರೋಲ್ ಯೂನಿಟ್ ಸೆನ್ಸರ್ ಕಾಣದೆ ದೋಷ ದಾಖಲಿಸುತ್ತಲೇ ಇರುತ್ತದೆ. ಮುಚ್ಚುವಾಗ ಹೆಚ್ಚು ಎಚ್ಚರ ಬೇಕಾದದ್ದು 5 ವೋಲ್ಟ್ ವೈರ್‌ಗೆ. ಹಲವು ಸೆನ್ಸರ್‌ಗಳು ಒಂದೇ 5 ವೋಲ್ಟ್ ಪೂರೈಕೆ ಹಂಚಿಕೊಂಡಿರುತ್ತವೆ. ಒಂದು ತುದಿ ಅರ್ಥ್‌ಗೆ ತಗುಲಿದರೆ ಉಳಿದವೂ ಕುರುಡಾಗಿ ಎಂಜಿನ್ ನಿಂತೇ ಹೋಗಬಹುದು. ಆಗ ಸ್ಕ್ಯಾನರ್‌ನಲ್ಲಿ ಸಂಬಂಧವಿಲ್ಲದ ನಾಲ್ಕಾರು ಸೆನ್ಸರ್‌ಗಳ ದೋಷ ಒಟ್ಟಿಗೆ ಕಾಣುತ್ತವೆ.

ಎರಡು ವೈರ್ ಹೆಣೆದುಕೊಂಡ ಹಾಗೆ ಇವೆ. ಕ್ಯಾನ್ ವೈರ್ ಅಂತೆ. ಅದನ್ನು ಹೇಗೆ ಮುಚ್ಚೋದು?

ಕ್ಯಾನ್ ಎಂದರೆ ಗಾಡಿಯ ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡುವ ಜಾಲ. ಹೆಣಿಗೆಯನ್ನು ಬಿಚ್ಚದೆ, ಎರಡು ತುದಿಗಳನ್ನೂ ಮೆಟ್ಟಿಲಿನಂತೆ ಕತ್ತರಿಸಿ ಬೇರೆ ಬೇರೆ ಮುಚ್ಚಿ. ಒಂದಕ್ಕೊಂದು ತಗುಲಿದರೆ ಆ ಜಾಲದ ಎಲ್ಲ ಮಾಡ್ಯೂಲ್‌ಗಳ ಮಾತು ನಿಲ್ಲುತ್ತದೆ. ಉಳಿದ ಕವಲು ಗಿಡ್ಡವಾಗಿರಲಿ. 1 ಮೆಗಾಬಿಟ್ ವೇಗದ ಜಾಲದಲ್ಲಿ ಕವಲು 30 ಸೆಂ.ಮೀ. ಮೀರಬಾರದು ಎಂಬುದು ಮಾನದಂಡ.

ಬ್ಯಾಟರಿ ಕಳಚಿ ಎರಡು ವೈರ್‌ಗಳ ನಡುವೆ ಓಮ್ ಅಳೆಯಿರಿ. ಎರಡೂ ಕೊನೆಗಳಲ್ಲಿ 120 ಓಮ್ ರೆಸಿಸ್ಟರ್ ಇರುವುದರಿಂದ 60ರ ಆಸುಪಾಸು ಬರಬೇಕು. 120 ಬಂದರೆ ನೀವು ತೆಗೆದ ಮಾಡ್ಯೂಲ್‌ನೊಳಗೇ ಒಂದು ರೆಸಿಸ್ಟರ್ ಇತ್ತು, ಇಲ್ಲವೇ ಜಾಲ ಎಲ್ಲೋ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್.

ಮೇಲೆ ಜಾಲರಿ ಇರೋ ಶೀಲ್ಡ್ ವೈರ್ ತುದಿಗೆ?

ಜಾಲರಿಯನ್ನು ಒಳ ವೈರಿಗಿಂತ 15-20 ಮಿ.ಮೀ. ಹಿಂದೆಯೇ ಕತ್ತರಿಸಿ, ಚಿಕ್ಕ ಸ್ಲೀವ್‌ನಿಂದ ಅದನ್ನು ಮುಚ್ಚಿ, ಒಳಗಿನವನ್ನು ಬೇರೆ ಬೇರೆ ಮುಚ್ಚಿ, ಮೇಲೆ ಒಂದು ಸ್ಲೀವ್. ಜಾಲರಿಗೆ ಸಾಮಾನ್ಯವಾಗಿ ಒಂದೇ ಕಡೆ ಅರ್ಥ್ ಇರುತ್ತದೆ, ಈ ತುದಿಯಲ್ಲಿ ಬಾಡಿಗೆ ಸೇರಿಸಬೇಡಿ.

ಹಳದಿ ಕಪ್ಲರ್, ಕಿತ್ತಳೆ ಕೇಬಲ್ ಕಂಡರೆ ಮುಟ್ಟಬೇಡಿ ಅಂತಾರೆ. ಯಾಕೆ?

ಹಳದಿ ಸಾಮಾನ್ಯವಾಗಿ ಏರ್‌ಬ್ಯಾಗ್. ಸೀಟ್ ಬದಲಿಸಿದಾಗ ಕೆಳಗೆ ಉಳಿಯುವ ಖಾಲಿ ಕಪ್ಲರ್ ಬಹುತೇಕ ಇದೇ. ಅಂಥ ಕಪ್ಲರ್‌ಗಳ ಸಿಡಿಮದ್ದಿನ ಬದಿಯಲ್ಲಿ, ಬಿಚ್ಚಿದ ಕೂಡಲೇ ಎರಡು ಪಿನ್‌ಗಳನ್ನು ಸೇರಿಸಿಡುವ ಪುಟ್ಟ ಪಟ್ಟಿ ಇರುತ್ತದೆ, ಆಕಸ್ಮಿಕವಾಗಿ ಸಿಡಿಯದಿರಲಿ ಎಂದು. ಓಮ್‌ಗೆ ಇಟ್ಟ ಮೀಟರ್ ತಾನೇ ಕರೆಂಟ್ ಹರಿಸುವುದರಿಂದ ಅಲ್ಲಿಗೆ ಪ್ರೋಬ್ ಹಿಡಿಯಬಾರದು. ಕತ್ತರಿಸಿ ಮುಚ್ಚುವ ಕೆಲಸವೂ ಬೇಡ. ಅದು ಆ ವಾಹನದ ವರ್ಕ್‌ಶಾಪ್ ಕೈಪಿಡಿ ನೋಡಿ ಮಾಡುವವರ ಕೆಲಸ.

ಕಿತ್ತಳೆ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ವಾಹನಗಳ ಹೈ ವೋಲ್ಟೇಜ್ ಕೇಬಲ್. ಡಿಸಿ 60 ವೋಲ್ಟ್ ಮೀರಿದ್ದನ್ನು ಪ್ರಾಣಾಪಾಯದ ಸಾಲಿಗೆ ಸೇರಿಸುತ್ತಾರೆ, ಇದರಲ್ಲಿ ನೂರಾರು ಇರುತ್ತದೆ. ಈ ಪುಟದ ಯಾವ ಸಲಹೆಯೂ ಅದಕ್ಕೆ ಅನ್ವಯಿಸುವುದಿಲ್ಲ.

ಲಾರಿಯ 24 ವೋಲ್ಟ್‌ಗೆ, ಕೆಲವು ಕಾರುಗಳ 48 ವೋಲ್ಟ್‌ಗೆ ಬೇರೆ ಸಾಮಾನು ಬೇಕಾ?

24 ವೋಲ್ಟ್‌ಗೆ ಇದೇ ಸ್ಲೀವ್, ಇದೇ ಕ್ರಮ. ಒದ್ದೆಯಲ್ಲಿ ಕಿಲುಬು ಮಾತ್ರ ಇನ್ನೂ ಬೇಗ ಹಿಡಿಯುತ್ತದೆ, ಆದ್ದರಿಂದ ಚಾಸಿ ಮೇಲಿನ ಪ್ರತಿ ತುದಿಗೂ ಎರಡು ಪದರ ಹಾಕಿ. 48 ವೋಲ್ಟ್‌ನಲ್ಲಿ ಕಿಡಿಯ ಗುಣವೇ ಬೇರೆ: 12 ವೋಲ್ಟ್‌ನ ಕಿಡಿ ತುದಿಗಳು ದೂರ ಸರಿದ ಕೂಡಲೇ ಆರುತ್ತದೆ, 48ರದ್ದು ಬಿಡದೆ ಉರಿಯುತ್ತ ಲೋಹ ಕರಗಿಸಬಲ್ಲದು. ಅಲ್ಲಿ ತುದಿಯನ್ನು ಮುಚ್ಚಿ ಬಿಡುವ ಯೋಚನೆ ಬಿಟ್ಟು, ಕೈಪಿಡಿಯ ಕ್ರಮದಲ್ಲಿ ಸರ್ಕ್ಯೂಟ್ ಆರಿಸಿ ವೈರನ್ನು ಮೂಲದ ಟರ್ಮಿನಲ್‌ನಿಂದಲೇ ತೆಗೆಸಿ.